ಇಂಧನಕಡ್ಡಿಯ ಉಬ್ಬು

ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುವುದನ್ನು ನೀವೆಲ್ಲರೂ ಕಂಡಿದ್ದೀರಿ. ಬಡಗಿಯು ಬಂದು ನಾಲ್ಕು ಸಲ ಉಜ್ಜುಗೊರಡು ಆಡಿಸಿದರೆ ಆ ತೊಂದರೆ ತೀರಿತು. ಉಕ್ಕೂ ಹೀಗೆ ಉಬ್ಬಬಲ್ಲುದು. ಅದೂ ಯಾವ ಬಡಗಿಯೂ ಕೈಯಿಡಲಾರದ ಪರಮಾಣು ರಿಯಾಕ್ಟರಿನ ಗರ್ಭದಲ್ಲಿ ಎಂದರೆ ಸೋಜಿಗವಾಗದಿರದು.

ತಮಿಳುನಾಡಿನ ಕಡಲತೀರದ ಕಲ್ಪಾಕ್ಕಂನಲ್ಲಿ ವೇಗದ ನ್ಯೂಟ್ರಾನುಗಳಿಂದ ನಡೆಯುವ ಪರೀಕ್ಷಾ ರಿಯಾಕ್ಟರೊಂದು 1985ರ ಅಕ್ಟೋಬರಿನಲ್ಲಿ ಮೊದಲು ಚಾಲನೆಗೊಂಡಿತು. ಪ್ಲುಟೋನಿಯಂ ಮತ್ತು ಯುರೇನಿಯಂಗಳ ಮಿಶ್ರ ಕಾರ್ಬೈಡ್ ಅದರ ಇಂಧನ. ಈ ಇಂಧನದ ಬಿಲ್ಲೆಗಳನ್ನು ಸುಮಾರು 5 ಮಿಲಿಮೀಟರ್ ವ್ಯಾಸದ ಉಕ್ಕಿನ ಕೊಳವೆಗಳಲ್ಲಿ ತುಂಬಿ ತುದಿಗಳನ್ನು ಬೆಸೆಯುತ್ತಾರೆ. ಇಂತಹ 61 ಕಡ್ಡಿಗಳು ಆರು ಮುಖಗಳುಳ್ಳ ಒಂದು ಉಕ್ಕಿನ ಕೋಶದಲ್ಲಿ ಒತ್ತೊತ್ತಾಗಿ ನಿಲ್ಲುತ್ತವೆ. ನಡುವಣ ಸಂದುಗಳಲ್ಲಿ ದ್ರವರೂಪದ ಸೋಡಿಯಂ ಹರಿದು ಶಾಖವನ್ನು ಹೊತ್ತೊಯ್ಯುತ್ತದೆ. ಕಡ್ಡಿ ಉಬ್ಬಿದಷ್ಟೂ ಆ ದಾರಿ ಕಿರಿದಾಗುತ್ತದೆ.

ಕಡ್ಡಿ ಉಬ್ಬುವುದಾದರೂ ಏಕೆ? ಇಂಧನದ ಪರಮಾಣು ಒಡೆದಾಗ ಒಂದಿದ್ದುದು ಎರಡಾಗುತ್ತದೆ. ಈ ಚೂರುಗಳಿಗೆ ಮೊದಲಿಗಿಂತ ಹೆಚ್ಚು ಸ್ಥಳ ಬೇಕು. ಅವುಗಳಲ್ಲಿ ಕ್ಸೆನಾನ್, ಕ್ರಿಪ್ಟಾನ್ ಎಂಬ ಅನಿಲಗಳೂ ಇದ್ದು, ಗುಳ್ಳೆಗಳಾಗಿ ಕೂಡಿಕೊಂಡು ಬಿಲ್ಲೆಯನ್ನು ಹಿಗ್ಗಿಸುತ್ತವೆ. ಉಕ್ಕಿನ ಕಥೆಯೇ ಬೇರೆ. ವೇಗದ ನ್ಯೂಟ್ರಾನುಗಳು ಅದರ ಪರಮಾಣುಗಳನ್ನು ನೆಲೆಯಿಂದ ಹೊಡೆದಟ್ಟುತ್ತವೆ. ಬರಿದಾದ ನೆಲೆಗಳು ಒಂದುಗೂಡಿ ಅತಿಸೂಕ್ಷ್ಮವಾದ ಟೊಳ್ಳುಗಳಾಗುತ್ತವೆ. ತೂಕ ಹೆಚ್ಚದೆ ಗಾತ್ರ ಮಾತ್ರ ಹೆಚ್ಚುತ್ತದೆ! ಸ್ಕಾಟ್ಲೆಂಡಿನ ಡೌನ್‌ರೇ ರಿಯಾಕ್ಟರಿನಿಂದ ತೆಗೆದ ಉಕ್ಕಿನಲ್ಲಿ ಇಂತಹ ಟೊಳ್ಳುಗಳಿರುವುದನ್ನು ಕಾಥಾರ್ನ್ ಮತ್ತು ಫುಲ್ಟನ್ ಎಂಬ ವಿಜ್ಞಾನಿಗಳು 1967ರಲ್ಲಿ ಪ್ರಕಟಿಸಿದರು.

ಪ್ಲುಟೋನಿಯಂ ಇಷ್ಟು ಹೆಚ್ಚಾಗಿದ್ದ ಕಾರ್ಬೈಡನ್ನು ಮುಖ್ಯ ಇಂಧನವಾಗಿ ಬಳಸಿದ ಅನುಭವ ಬೇರೆಡೆ ಇರಲಿಲ್ಲ. ಎರವಲು ತರಲು ಏನೂ ಇಲ್ಲದಿದ್ದಾಗ ತಾವೇ ಅಳೆದು ನೋಡಬೇಕು. ಇಂಧನ ಎಷ್ಟು ಶಾಖ ಕೊಟ್ಟಿತೆಂಬುದನ್ನು ಟನ್ನಿಗೆ ಇಷ್ಟು ಮೆಗಾವಾಟ್-ದಿನವೆಂದು ಎಣಿಸುತ್ತಾರೆ. ಕಲ್ಪಾಕ್ಕಂನವರು 25,000ಕ್ಕೆ ನಿಲ್ಲಿಸಿ ಕಡ್ಡಿಗಳನ್ನು ಹೊರತೆಗೆದು ಪರೀಕ್ಷಿಸಿದರು. ಬಳಿಕ 50,000ಕ್ಕೆ, ಆಮೇಲೆ 1,00,000ಕ್ಕೆ, ಕಡೆಗೆ 1,55,000ಕ್ಕೆ.

ವಿಕಿರಣ ಸೂಸುವ ಕಡ್ಡಿಯನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ. ದಪ್ಪ ಕಾಂಕ್ರೀಟ್ ಗೋಡೆಯ ಕೋಣೆಯೊಳಗೆ ಅದನ್ನಿರಿಸಿ, ಸೀಸಬೆರೆತ ಗಾಜಿನ ಕಿಟಕಿಯಿಂದ ನೋಡುತ್ತ, ಯಂತ್ರಗೈಗಳಿಂದ ತಿರುಗಿಸಿ ತಿರುಗಿಸಿ ವ್ಯಾಸವನ್ನು ಅಳೆಯಬೇಕು. ಬಡಗಿಯ ಗೇಣು ಇಲ್ಲಿ ನಡೆಯದು! ಒಳಗಿನ ಬಿಲ್ಲೆಗಳ ಚಿತ್ರವನ್ನು ಅಲ್ಲಿಯದೇ ಕಾಮಿನಿ ಎಂಬ ಪುಟ್ಟ ರಿಯಾಕ್ಟರಿನ ನ್ಯೂಟ್ರಾನುಗಳಿಂದ ತೆಗೆದರು. ಮೊದಮೊದಲು ಬಿಲ್ಲೆಗೂ ಕೊಳವೆಗೂ ನಡುವೆ ಸಂದು ಉಳಿದಿತ್ತು. 1,00,000ದ ವೇಳೆಗೆ ಕಡ್ಡಿಯ ನಡುಭಾಗದಲ್ಲಿ ಅದು ಮುಚ್ಚಿಹೋಗಿತ್ತು. ಅಲ್ಲಿಂದ ಮುಂದೆ ಹಿಗ್ಗುವ ಇಂಧನದ ಒತ್ತಡವೆಲ್ಲ ತೆಳುವಾದ ಉಕ್ಕಿನ ಮೇಲೆಯೇ.

1,55,000 ಮುಟ್ಟಿದಾಗಲೂ ಆ ಕೊಳವೆಗಳು ಒಡೆದಿರಲಿಲ್ಲ. ಆದರೆ ಉಕ್ಕು ತನ್ನ ಬಾಗುವ ಗುಣವನ್ನು ಬಹುಮಟ್ಟಿಗೆ ಕಳೆದುಕೊಂಡಿತ್ತು. ಕಡ್ಡಿಯು ಇನ್ನೆಷ್ಟು ಕಾಲ ಒಳಗಿರಬಹುದೆಂಬುದು ಇಂಧನಕ್ಕಿಂತ ಹೆಚ್ಚಾಗಿ ಆ ಉಕ್ಕನ್ನೇ ಅವಲಂಬಿಸಿತು.