ಆ ಫಾರಂ ತುಂಬುವ ಮುಂಚೆ

ತರೀಕೆರೆ

ಪುಟ್ಟು, ಡಿ.ಆರ್.ಡಿ.ಒ.ದಲ್ಲಿ ನಿನಗೆ ಕೆಲಸವಾಯಿತೆಂದು ನಿಮ್ಮಪ್ಪ ಅಜ್ಜಂಪುರದಿಂದ ಫೋನ್ ಮಾಡಿದ್ದೇ ತಡ, ನಿನ್ನ ದೊಡ್ಡಮ್ಮ ಹೋಳಿಗೆಗೆ ಬೇಳೆ ಬೇಯಲು ಇಟ್ಟಳು.

ಚಳ್ಳಕೆರೆಗೆ ಹಾಕಿದರೂ ಹಾಕಬಹುದಂತೆ. ಹಾಕಲಿ ಬಿಡು, ದೂರವೇನಲ್ಲ. 2017ರಲ್ಲಿ ಅಲ್ಲಿ ವಿಮಾನ ಪರೀಕ್ಷೆಯ ಕೇಂದ್ರ ಶುರುವಾದ ಜಾಗ ಹಿಂದೆ ಅಮೃತಮಹಲ್ ಕಾವಲು. ಚಿಕ್ಕವನಿದ್ದಾಗ ನಮ್ಮ ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರದ ನೀಳ ಕೊಂಬಿನ ದನಗಳನ್ನು ನೋಡಲು ಬೇಲಿ ಹತ್ತುತ್ತಿದ್ದೆಯಲ್ಲ, ಅಂಥವೇ ಮೇಯಲೆಂದು ಮೈಸೂರು ಅರಸರ ಕಾಲದಿಂದ ಬಿಟ್ಟಿದ್ದ ಹುಲ್ಲುಗಾವಲು. ಈಗ ಸುತ್ತ ಗೋಡೆ ಎದ್ದಿದೆ. ಕಾವಲು ಉಳಿಸಿಕೊಳ್ಳಲು ಅಲ್ಲಿನ ಜನ ಹಸಿರು ನ್ಯಾಯಮಂಡಳಿಯ ತನಕ ಹೋದರು. ಆ ಗೋಡೆಯೊಳಗೆ ಕೂತಾಗ ಅವರನ್ನೂ ಒಮ್ಮೆ ನೆನೆ.

ಈಗ, ಕೆಲಸಕ್ಕೆ ಸೇರುವ ಮುಂಚೆ ನಿನ್ನ ಹಿನ್ನೆಲೆ ವಿಚಾರಿಸಲು ತುಂಬಿಸಿಕೊಳ್ಳುವ ಫಾರಂ ವಿಷಯ. ನಿಮ್ಮಪ್ಪ ಎರಡು ಸಂಗತಿ ಬರೆಯಬೇಡ ಅಂದಿದ್ದಾನಂತೆ: ಕಡೂರಿನ ಗಣಪತಿ ವಿಸರ್ಜನೆಯ ಗಲಾಟೆ ಕೇಸು, ನಿಮ್ಮಕ್ಕನ ಅಮೆರಿಕದ ಪೌರತ್ವ. ಮಗನ ಕೆಲಸ ಎಲ್ಲಿ ಕೈತಪ್ಪೀತೋ ಎಂಬ ಭಯ ಅವನಿಗೆ. ನನಗೂ ಇಲ್ಲವೆಂದಲ್ಲ. ಆದರೆ ನಾನು ಕೋರ್ಟಿನಲ್ಲಿ ಗುಮಾಸ್ತಿಕೆ ಮಾಡಿ ತಲೆ ನೆರೆದವನು ಕಣೋ.

ಕೇಸು ಲೋಕ ಅದಾಲತ್‌ನಲ್ಲಿ ರಾಜಿಯಾಗಿ ಮುಗಿದಿದೆ, ಸರಿ. ಆದರೆ ಫಾರಂನಲ್ಲಿ ಶಿಕ್ಷೆಯೊಂದನ್ನೇ ಕೇಳುವುದಿಲ್ಲ. ಎಂದಾದರೂ ಬಂಧನವಾಗಿತ್ತೇ, ಮೊಕದ್ದಮೆ ನಡೆದಿತ್ತೇ ಎಂದೂ ಕೇಳುತ್ತಾರೆ. ಸುಳ್ಳು ಬರೆದರೆ, ಮುಚ್ಚಿಟ್ಟರೆ ಅನರ್ಹ ಎಂದು ಫಾರಂನ ತಲೆಯ ಮೇಲೇ ಅಚ್ಚಾಗಿದೆ. ಎಳೆ ವಯಸ್ಸಿನ ಸಣ್ಣಪುಟ್ಟ ತಪ್ಪನ್ನು ಮುಚ್ಚಿಟ್ಟವರನ್ನೂ ಇಲಾಖೆ ಮನ್ನಿಸಬಹುದು ಎಂದು ಸುಪ್ರೀಂ ಕೋರ್ಟು 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಹೇಳಿತು, ಮನ್ನಿಸಲೇಬೇಕು ಎನ್ನಲಿಲ್ಲ. ನಿಜ ಬರೆದವನಿಗೂ ಕೆಲಸ ಕೊಟ್ಟೇ ತೀರಬೇಕು ಎಂದೂ ಇಲ್ಲ, ಅದನ್ನು ನಿನ್ನಿಂದ ಬಚ್ಚಿಡಲಾರೆ. ಆದರೂ ಬರೆದರೆ ಅವರು ತೂಗುವುದು ಅವತ್ತಿನ ನೂಕಾಟವನ್ನು. ಬರೆಯದಿದ್ದರೆ ಇವತ್ತಿನ ನಿನ್ನನ್ನೇ ತೂಗುತ್ತಾರೆ. ಪೊಲೀಸ್ ವಿಚಾರಣೆ ಅಜ್ಜಂಪುರದ ಠಾಣೆಗೇ ಮುಗಿಯುತ್ತದೆ ಅಂದುಕೊಳ್ಳಬೇಡ. ಹಿಂದಿನ ಐದು ವರ್ಷದಲ್ಲಿ ವರ್ಷಕ್ಕಿಂತ ಹೆಚ್ಚು ಇದ್ದ ಊರನ್ನೆಲ್ಲ ಬರೆಯಬೇಕು. ನೀನು ಡಿಗ್ರಿಗೆಂದು ಕಡೂರಿನಲ್ಲಿ ರೂಮು ಮಾಡಿದ್ದೆ. ಕೇಸಿನ ಕಡತವೂ ಅಲ್ಲೇ ಇದೆ.

ಅಕ್ಕನ ವಿಷಯಕ್ಕಂತೂ ಅಂಜಬೇಡ. ಒಡಹುಟ್ಟಿದವರು ಪರದೇಶದಲ್ಲಿರುವುದು ಅಪರಾಧವಲ್ಲ. ಒಸಿಐ ಕಾರ್ಡು ಇದೆಯಲ್ಲ ಅಂತ ಅವಳನ್ನು ಭಾರತೀಯಳೆಂದು ಮಾತ್ರ ಬರೆಯಬೇಡ. ತಾನಾಗಿ ಬೇರೆ ದೇಶದ ಪೌರತ್ವ ತೆಗೆದುಕೊಂಡ ಕೂಡಲೇ ಇಲ್ಲಿಯದು ಹೋಗುತ್ತದೆ. ಆ ಕಾರ್ಡಿನಿಂದ ವೀಸಾ ಇಲ್ಲದೆ ಬಂದುಹೋಗಬಹುದು, ಮತ ಹಾಕುವಂತಿಲ್ಲ. ರಾಷ್ಟ್ರೀಯತೆಯ ಕಾಲಮ್ಮಿನಲ್ಲಿ ಅಮೆರಿಕ ಎಂದೇ ಬರೆ. ಮುಂದೆ ನೀನೇ ಪರದೇಶದ ಹುಡುಗಿಯನ್ನು ಮದುವೆಯಾದರೂ ಕೇಂದ್ರ ನೌಕರರ 1964ರ ನಡತೆ ನಿಯಮದಂತೆ ತಡಮಾಡದೆ ಸರ್ಕಾರಕ್ಕೆ ತಿಳಿಸಬೇಕು. ಸರ್ಕಾರಕ್ಕಿಂತ ಮುಂಚೆ ನಿನ್ನ ದೊಡ್ಡಮ್ಮನಿಗೆ ತಿಳಿಸಿದರೆ ಒಳ್ಳೆಯದು.

ಸೋಮವಾರ ಕಡೂರು ಕೋರ್ಟಿಗೆ ಹೋಗಿ ಅದಾಲತ್ ಆದೇಶದ ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕು. ಕೇಸ್ ನಂಬರು, ಮುಗಿದ ತಾರೀಖು ಎರಡನ್ನೂ ಅದರಲ್ಲಿ ನೋಡಿಕೊಂಡೇ ಬರೆ, ನೆನಪಿನಿಂದ ಬೇಡ. ನಿಮ್ಮಪ್ಪನ ಜೊತೆ ವಾದಕ್ಕೆ ಇಳಿಯಬೇಡ, ಅವನಿಗೆ ನಾನು ಹೇಳುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ