ಒಲೆ ಹಚ್ಚದೆ ಸಾಬೂನು

ಕವಿತೆಗಳ ನಡುವೆ ಸಾಬೂನು ಯಾಕೆ ಅಂತೀರಾ? ರಸಾಯನಶಾಸ್ತ್ರವನ್ನೆಲ್ಲ ಇಂಗ್ಲಿಷಿನಲ್ಲೇ ಓದುವ ನಮಗೆ ಒಂದು ಕ್ರಿಯೆಯನ್ನಾದರೂ ಕನ್ನಡದಲ್ಲಿ ಹೇಳೋಕೆ ಬರುತ್ತೋ ನೋಡೋಣ.

ಸಾಬೂನಿಗೆ ಕಾರ್ಖಾನೆಯೇ ಬೇಕೆಂದಿಲ್ಲ. ಎಣ್ಣೆ, ನೀರು, ಕಾಸ್ಟಿಕ್ ಸೋಡಾ, ಗ್ರಾಂ ತೋರಿಸುವ ಒಳ್ಳೇ ತಕ್ಕಡಿ ಇದ್ದರೆ ಸಾಕು. ಕುದಿಸುವ ಕೆಲಸವಿಲ್ಲ, ಬೇಕಾದ ಶಾಖವನ್ನು ಕ್ರಿಯೆಯೇ ಹುಟ್ಟಿಸಿಕೊಳ್ಳುತ್ತೆ. ಅದಕ್ಕೇ ಇದು ತಣ್ಣನೆ ವಿಧಾನ.

ಕ್ರಿಯೆಯ ಹೆಸರು ಸಾಬೂನೀಕರಣ. ಎಣ್ಣೆಯ ಒಂದು ಅಣುವಿನಲ್ಲಿ ಗ್ಲಿಸರಿನ್ನಿಗೆ ಮೂರು ಕೊಬ್ಬಿನಾಮ್ಲಗಳು ಅಂಟಿಕೊಂಡಿರುತ್ತವೆ. ಸೋಡಾದ ಮೂರು ಅಣುಗಳು ಬಂದು ಮೂರನ್ನೂ ಬಿಡಿಸುತ್ತವೆ. ಆಮ್ಲ ಸೋಡಿಯಂ ಜೊತೆ ಸೇರಿ ಸಾಬೂನಾಗುತ್ತೆ, ಗ್ಲಿಸರಿನ್ ಅದರೊಳಗೇ ಉಳಿಯುತ್ತೆ. ಎಣ್ಣೆಗಳ ಈ ಒಳಗುಟ್ಟನ್ನು ಬಿಡಿಸಿದ ಫ್ರಾನ್ಸಿನ ಷೆವ್ರೆಲ್‌ನ ಗ್ರಂಥ ಬಂದದ್ದು 1823ರಲ್ಲಿ.

ಈಗ ಮುಖ್ಯ ವಿಷಯ. ಎಣ್ಣೆಗೆ ಎಷ್ಟು ಸೋಡಾ ಅಂದರೆ ಒಂದೇ ಉತ್ತರವಿಲ್ಲ. 100 ಗ್ರಾಂ ಕೊಬ್ಬರಿ ಎಣ್ಣೆಗೆ ಸುಮಾರು 18.3 ಗ್ರಾಂ, ಕಡಲೆಕಾಯಿ ಎಣ್ಣೆಗೆ 13.6, ಹರಳೆಣ್ಣೆಗೆ 12.8. ಯಾಕೆ ಹೀಗೆ? ದಾದರ್ ಮಾರ್ಕೆಟ್ಟಿನಲ್ಲಿ ಒಂದು ಕಿಲೋ ನಿಂಬೆಹಣ್ಣು, ಒಂದು ಕಿಲೋ ಮೋಸಂಬಿ ತೊಗೊಳ್ಳಿ. ತೂಕ ಒಂದೇ, ಎಣಿಸಿದರೆ ನಿಂಬೆಯೇ ಹೆಚ್ಚು. ಕೊಬ್ಬರಿ ಎಣ್ಣೆಯಲ್ಲಿ ಜಾಸ್ತಿ ಇರೋದು 12 ಇಂಗಾಲದ ಲಾರಿಕ್ ಆಮ್ಲ. ಕಡಲೆಕಾಯಿ ಎಣ್ಣೆಯಲ್ಲಿ 18 ಇಂಗಾಲದ ಉದ್ದನೆಯ ಆಮ್ಲಗಳು. ಅಣು ಚಿಕ್ಕದಾದಷ್ಟೂ ಅದೇ ತೂಕಕ್ಕೆ ಸಂಖ್ಯೆ ಹೆಚ್ಚು, ಸೋಡಾನೂ ಹೆಚ್ಚು. ಆದ್ದರಿಂದ ಈ ಎಣ್ಣೆ ಇಲ್ಲದಿದ್ರೆ ಆ ಎಣ್ಣೆ ಅನ್ನುವ ಅಡುಗೆಮನೆಯ ಧಾರಾಳ ಇಲ್ಲಿ ನಡೆಯೋಲ್ಲ. ಕೊಬ್ಬರಿ ಎಣ್ಣೆಯ ಲೆಕ್ಕಕ್ಕೆ ಕಡಲೆಕಾಯಿ ಎಣ್ಣೆ ಹಾಕಿದಿರೋ, ಮಿಕ್ಕ ಕ್ಷಾರ ಚರ್ಮವನ್ನೇ ತಿನ್ನುತ್ತೆ. ಲೋಟ, ಚಮಚದ ಅಳತೆಯಂತೂ ಬೇಡವೇ ಬೇಡ.

ಒಂದು ಲೆಕ್ಕ ಹಾಕೋಣ. ಕೊಬ್ಬರಿ ಎಣ್ಣೆ 200 ಗ್ರಾಂ, ಕಡಲೆಕಾಯಿ ಎಣ್ಣೆ 250, ಹರಳೆಣ್ಣೆ 50. ಸೋಡಾ 36.6, 34, 6.4, ಒಟ್ಟು 77 ಗ್ರಾಂ. ಇದರಲ್ಲಿ ನೂರಕ್ಕೆ 5ರಷ್ಟು ಕಳೆದು 73 ಗ್ರಾಂ ಹಾಕಬೇಕು. ಒಂದಿಷ್ಟು ಎಣ್ಣೆ ಹಾಗೇ ಉಳಿದರೆ ಮೈಗೆ ಹಿತ, ತೂಕದ ಸಣ್ಣ ಏರುಪೇರಿಗೂ ರಕ್ಷಣೆ. ನೀರು 170 ಗ್ರಾಂ. ವಾಷಿಂಗ್ ಸೋಡಾ ಬೇರೆ ವಸ್ತು, ಅದು ಆಗೋಲ್ಲ. ಮೋರಿ ತೊಳೆಯುವ ಪುಡಿಯಲ್ಲಿ ಏನೇನೋ ಬೆರೆತಿರುತ್ತೆ, ಅದೂ ಬೇಡ.

ಕೈಗೆ ರಬ್ಬರ್ ಗವಸು, ಕಣ್ಣಿಗೆ ರಕ್ಷಣೆಯ ಕನ್ನಡಕ, ಕಿಟಕಿ ತೆರೆದಿರಲಿ. ಪಾತ್ರೆ ಸ್ಟೀಲಿನದು. ಅಲ್ಯೂಮಿನಿಯಂ ಆದರೆ ಕ್ಷಾರ ಅದನ್ನು ತಿಂದು ಹೈಡ್ರೋಜನ್ ಬಿಡುತ್ತೆ. ನೀರಿಗೆ ಸೋಡಾವನ್ನು ಸ್ವಲ್ಪ ಸ್ವಲ್ಪವೇ ಹಾಕಬೇಕು. ಸೋಡಾದ ಮೇಲೆ ನೀರು ಸುರಿಯಕೂಡದು, ಕುದ್ದು ಸಿಡಿಯುತ್ತೆ. ಮೈಮೇಲೆ ಬಿದ್ದರೆ ನಿಂಬೆರಸ ಗಿಂಬೆರಸ ಹಚ್ಚದೆ ನಲ್ಲಿ ನೀರಿನಲ್ಲಿ ಕಾಲು ಗಂಟೆಗೂ ಹೆಚ್ಚು ತೊಳೆಯಿರಿ. ಕಣ್ಣಿಗಾದರೆ ಹಾಗೇ ತೊಳೆದು ಕೂಡಲೇ ಡಾಕ್ಟರ ಹತ್ತಿರ ಹೋಗಬೇಕು.

ದ್ರಾವಣ ಆರಿ 40 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಬಂದಾಗ ಎಣ್ಣೆಗೆ ಸುರಿದು ಸ್ಟೀಲ್ ಸೌಟಿನಿಂದ ತಿರುವುತ್ತಿರಿ. ಇಲ್ಲಿ ತಾಳ್ಮೆ ಬೇಕು. ದೋಸೆಹಿಟ್ಟಿನ ಹದ ಬಂದು, ಸೌಟಿನಿಂದ ಇಳಿದ ಗೆರೆ ಮೇಲೆಯೇ ನಿಂತರೆ ಅಚ್ಚಿಗೆ ಹೊಯ್ಯಿರಿ. ಒಂದೆರಡು ದಿನ ಬಿಟ್ಟು, ಗವಸು ಹಾಕಿಕೊಂಡೇ ಕತ್ತರಿಸಿ, ಗಾಳಿಯಾಡುವ ಕಡೆ 4ರಿಂದ 6 ವಾರ ಇಡಬೇಕು. ಕ್ರಿಯೆ ಮೊದಲ ಕೆಲವು ದಿನಗಳಲ್ಲೇ ಮುಗಿಯುತ್ತೆ. ಮಿಕ್ಕದ್ದು ನೀರು ಆರಿ ಬಿಲ್ಲೆ ಗಟ್ಟಿಯಾಗುವ ಕಾಲ. ಮುಂಬಯಿಯ ಮಳೆಗಾಲದಲ್ಲಿ ಇನ್ನೂ ತಡ. ಒಳಗಿನ ಗ್ಲಿಸರಿನ್ ಗಾಳಿಯ ತೇವ ಎಳೆದುಕೊಂಡು ಬಿಲ್ಲೆ ನಮ್ಮ ಹಾಗೇ ಬೆವರುವುದೂ ಉಂಟು.