ಬಚ್ಚಲುಮನೆಯ ಕರೆಂಟು: ಅರ್ಥಿಂಗ್ ಒಂದೇ ಸಾಲದು

ಶುಚಿತ್ವಕ್ಕೆ ಇಸ್ಲಾಮಿನಲ್ಲಿರುವ ಸ್ಥಾನ ನಮಗೆಲ್ಲ ಗೊತ್ತು. ದಿನಕ್ಕೆ ಐದು ಹೊತ್ತು ವುಝೂ, ಅಗತ್ಯವಿದ್ದಾಗ ಗುಸ್ಲ್. ಹೀಗಾಗಿ ನಮ್ಮ ಮನೆಗಳ ಬಚ್ಚಲು ಒಣಗುವುದೇ ಕಡಿಮೆ. ಚಳಿಗಾಲದ ಫಜ್ರ್ ಹೊತ್ತಿಗೆ ಗೀಸರ್ ಬೇಕು. ಕೆಲವರ ಮನೆಯಲ್ಲಿ ಬಟ್ಟೆ ಒಗೆಯುವ ಮೆಷಿನ್ ಕೂಡ ಅಲ್ಲೇ ಇರುತ್ತದೆ. ನೀರು ಮತ್ತು ಕರೆಂಟು ಒಂದೇ ಕೋಣೆಯಲ್ಲಿ ಸೇರಿದಾಗ ಮುನ್ನೆಚ್ಚರಿಕೆ ಇಲ್ಲದಿದ್ದರೆ ಪ್ರಾಣಕ್ಕೇ ಅಪಾಯ. ಪ್ರಾಣರಕ್ಷಣೆಯು ಶರೀಅತ್‌ನ ಮೂಲ ಉದ್ದೇಶಗಳಲ್ಲಿ ಒಂದು ಎಂಬುದನ್ನು ಮರೆಯಬಾರದು.

ಮನೆಗೆ ಬರುವ ವಿದ್ಯುತ್ತಿನ ಒತ್ತಡ 230 ವೋಲ್ಟ್. ಒಣಗಿದ ಚರ್ಮವು ವಿದ್ಯುತ್ತನ್ನು ಸಾಕಷ್ಟು ತಡೆಯುತ್ತದೆ. ಮೈ ಒದ್ದೆಯಾದರೆ ಆ ತಡೆ ಸುಮಾರು 1000 ಓಮ್‌ಗೆ ಇಳಿಯಬಹುದು. ಆಗ ದೇಹದಲ್ಲಿ ಹರಿಯುವುದು ಸುಮಾರು 230 ಮಿಲಿಆಂಪಿಯರ್. ಇದರ ಒಂದು ಭಾಗವೂ ಹೃದಯದ ಬಡಿತ ತಪ್ಪಿಸಲು ಸಾಕು. ಬೋರ್ಡಿನಲ್ಲಿರುವ 16 ಆಂಪಿಯರ್ ಎಂಸಿಬಿಗೆ ಇಷ್ಟು ಸಣ್ಣ ಕರೆಂಟು ಗೊತ್ತೇ ಆಗುವುದಿಲ್ಲ. ಅದು ಇರುವುದು ವೈರು ಸುಡದಂತೆ ಕಾಯಲು, ಮನುಷ್ಯನನ್ನು ಕಾಯಲು ಅಲ್ಲ.

"ನಮ್ಮ ಮನೆಗೆ ಅರ್ಥಿಂಗ್ ಇದೆಯಲ್ಲ?" ಎಂದು ನೀವು ಕೇಳಬಹುದು. ಅದು ಬೇಕೇ ಬೇಕು, ಆದರೆ ಅದೊಂದೇ ಸಾಲದು. ಮೆಷಿನ್ನಿನೊಳಗೆ ವೈರು ಸವೆದು ಅದರ ತಗಡಿಗೆ ತಗುಲಿತು ಎನ್ನೋಣ. ಫ್ಯೂಸ್ ಹೋಗುವವರೆಗೆ ಆ ತಗಡಿನಲ್ಲಿ ವೋಲ್ಟೇಜ್ ಏರಿರುತ್ತದೆ. ಅರ್ಥಿಂಗ್ ದುರ್ಬಲವಾಗಿದ್ದರೆ ಫ್ಯೂಸ್ ಹೋಗದೆಯೂ ಇರಬಹುದು. ಪಕ್ಕದ ಕಬ್ಬಿಣದ ನಲ್ಲಿಯ ಪೈಪು ನೆಲದೊಳಗಿಂದ ಬಂದದ್ದು, ಅದರಲ್ಲಿ ವೋಲ್ಟೇಜ್ ಇಲ್ಲ. ಒಂದು ಕೈ ಮೆಷಿನ್ ಮೇಲೆ, ಇನ್ನೊಂದು ನಲ್ಲಿಯ ಮೇಲೆ ಇದ್ದರೆ ನಡುವಿನ ದಾರಿ ನಿಮ್ಮ ಎದೆ.

ಈ ಎರಡು ಲೋಹಗಳನ್ನು ತಾಮ್ರದ ವೈರಿನಿಂದ ಮೊದಲೇ ಜೋಡಿಸಿಟ್ಟರೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ವೋಲ್ಟೇಜ್ ಇರುತ್ತದೆ. ವ್ಯತ್ಯಾಸ ಇಲ್ಲದಿದ್ದರೆ ಅವುಗಳ ನಡುವೆ ಕೈಯಿಂದ ಕೈಗೆ ಶಾಕ್ ಹೊಡೆಯುವುದಿಲ್ಲ. ಇದನ್ನೇ ಪೂರಕ ಅರ್ಥ್ ಬಾಂಡಿಂಗ್ ಎನ್ನುತ್ತಾರೆ.

ಇಲ್ಲಿ ಕ್ರಮ ಬಹಳ ಮುಖ್ಯ. ಮೊದಲು ಅರ್ಥಿಂಗ್, ಆಮೇಲೆ ಆರ್‌ಸಿಸಿಬಿ, ಕೊನೆಗೆ ಬಾಂಡಿಂಗ್. ಅರ್ಥಿಂಗ್ ಇಲ್ಲದ ಮನೆಯಲ್ಲಿ ಬರೀ ಬಾಂಡಿಂಗ್ ಮಾಡಿದರೆ ಒಂದು ಮೆಷಿನ್ನಿನ ದೋಷ ಎಲ್ಲ ನಲ್ಲಿಗಳಿಗೂ ಹರಡೀತು.

ಅರ್ಥಿಂಗ್: ಬಂಡ್ರಿ, ಸಂಡೂರು ಕಡೆಯ ಬಿಸಿಲಿಗೆ ನೆಲ ಬೇಗ ಒಣಗುತ್ತದೆ. ಒಣ ಮಣ್ಣು ವಿದ್ಯುತ್ತನ್ನು ಚೆನ್ನಾಗಿ ಒಯ್ಯದು. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ಆಗಾಗ ನೀರು ಹಾಕಿ. ವರ್ಷಕ್ಕೊಮ್ಮೆ ಅಳತೆ ಮಾಡಿಸಿ. ನೀರಿನ ಪೈಪನ್ನೇ ಅರ್ಥಿಂಗ್ ಎಂದು ನಂಬಬೇಡಿ. ರಿಪೇರಿ ವೇಳೆ ನಡುವೆ ಒಂದು ಪ್ಲಾಸ್ಟಿಕ್ ತುಂಡು ಸೇರಿದರೆ ಸಂಪರ್ಕ ಕಡಿದಂತೆಯೇ.

ಆರ್‌ಸಿಸಿಬಿ: 30 ಮಿಲಿಆಂಪಿಯರ್‌ನದ್ದು ಇರಲಿ. ಕರೆಂಟು ಸೋರಿದರೆ ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುತ್ತದೆ. ಅದರ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ಗುಂಡಿ ಒತ್ತಿದಾಗ ಅದು ಬಿದ್ದರೆ ಆ ಸಾಧನ ಸರಿಯಿದೆ ಎಂದಷ್ಟೇ ಅರ್ಥ. ಅರ್ಥಿಂಗ್ ಸರಿಯಿದೆಯೇ ಎಂಬುದು ಅದರಿಂದ ತಿಳಿಯದು.

ಬಾಂಡಿಂಗ್: ಪರವಾನಗಿ ಇರುವ ವೈರ್‌ಮನ್‌ನಿಂದಲೇ ಮಾಡಿಸಿ. ಕೆಲಸ ಸರಿಯಾಗಿ ನಡೆಯುತ್ತಿದೆಯೇ ಎಂದು ನೀವು ಹೀಗೆ ನೋಡಿಕೊಳ್ಳಬಹುದು.

1. ಮೊದಲು ಮೇನ್ ಸ್ವಿಚ್ ಆಫ್ ಮಾಡಿರಬೇಕು.

2. ಹಸಿರು-ಹಳದಿ ಬಣ್ಣದ ತಾಮ್ರದ ವೈರು ಬಳಸಬೇಕು. ಪೈಪಿನೊಳಗೆ ಹಾಯಿಸುವುದಾದರೆ 2.5 ಚದರ ಮಿ.ಮೀ., ಹೊರಗೆ ಕಾಣುವಂತಿದ್ದರೆ 4 ಚದರ ಮಿ.ಮೀ.

3. ಜೋಡಿಸಬೇಕಾದವು: ಕಬ್ಬಿಣದ ತಣ್ಣೀರು, ಬಿಸಿನೀರಿನ ಪೈಪುಗಳು ಮತ್ತು ಬಚ್ಚಲಲ್ಲಿರುವ ಗೀಸರ್, ಮೆಷಿನ್, ದೀಪ ಎಲ್ಲದರ ಅರ್ಥ್ ವೈರುಗಳು. ಪ್ಲಾಸ್ಟಿಕ್ ಪೈಪಿಗೆ ಬೇಕಿಲ್ಲ. ಪ್ಲಾಸ್ಟಿಕ್ ಪೈಪಿನ ತುದಿಯ ನಲ್ಲಿಗೂ, ಟವೆಲ್ ಹಾಕುವ ಸರಳಿಗೂ ಬೇಕಿಲ್ಲ.

4. ಕ್ಲ್ಯಾಂಪ್ ಹಾಕುವ ಜಾಗದಲ್ಲಿ ಬಣ್ಣ, ತುಕ್ಕು ಕೆರೆದು ಲೋಹ ಹೊಳೆಯುವಂತೆ ಮಾಡಬೇಕು. ಕ್ಲ್ಯಾಂಪನ್ನು ಗಾರೆಯೊಳಗೆ ಮುಚ್ಚಬಾರದು, ಮುಂದೆ ನೋಡಲು ಸಿಗಬೇಕು.

5. ಬಾಂಡಿಂಗ್ ವೈರನ್ನು ಯಾವ ಕಾರಣಕ್ಕೂ ನ್ಯೂಟ್ರಲ್‌ಗೆ ಸೇರಿಸಬಾರದು.

6. ಕೊನೆಗೆ ಮಲ್ಟಿಮೀಟರ್‌ನಿಂದ ಒಂದು ಲೋಹದಿಂದ ಇನ್ನೊಂದಕ್ಕೆ ಅಳೆದು ತೋರಿಸಲು ಹೇಳಿ. ಒಂದು ಓಮ್‌ಗಿಂತ ಕಡಿಮೆ ಬರಬೇಕು.

ಬಕೆಟ್ಟಿನಲ್ಲಿ ನೀರು ಕಾಯಿಸುವ ರಾಡ್ ಬಳಸುವವರು ಗಮನಿಸಿ: ಬಾಂಡಿಂಗ್ ನಿಮ್ಮನ್ನು ಅದರಿಂದ ಕಾಪಾಡದು. ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಿ. ಬಿಸಿಯಾಯಿತೇ ಎಂದು ಬೆರಳದ್ದಿ ನೋಡುವ ಅಭ್ಯಾಸ ಬಿಡಿ, ಮಕ್ಕಳನ್ನು ದೂರ ಇಡಿ.

ನಲ್ಲಿ ಮುಟ್ಟಿದಾಗ ಕೈ ಜುಮ್ಮೆಂದರೆ ಚಪ್ಪಲಿ ಹಾಕಿಕೊಂಡು ಸ್ನಾನ ಮಾಡುವುದು ಪರಿಹಾರವಲ್ಲ. ಅದು ಮುನ್ಸೂಚನೆ. ಮೇನ್ ಆಫ್ ಮಾಡಿ, ವೈರ್‌ಮನ್‌ನನ್ನು ಕರೆಸಿ. ದೋಷ ಕಂಬದ ಕಡೆಯದ್ದಾದರೆ ಜೆಸ್ಕಾಂ ಸಹಾಯವಾಣಿ 1912ಕ್ಕೆ ತಿಳಿಸಿ. ಯಾರಿಗಾದರೂ ಶಾಕ್ ಹೊಡೆದರೆ ಮೇನ್ ಆಫ್ ಮಾಡದೆ ಮುಟ್ಟಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ.

ಮಸೀದಿ ಕಮಿಟಿಯವರಿಗೂ ಒಂದು ಮಾತು. ವುಝೂಖಾನೆಯಲ್ಲಿ ಹತ್ತಾರು ಜನ ಒದ್ದೆ ಕಾಲಲ್ಲಿ ಸಾಲಾಗಿ ಕೂರುತ್ತಾರೆ. ಅಲ್ಲಿ ಗೀಸರ್ ಅಥವಾ ಮೋಟರ್ ಇದ್ದರೆ ಈ ಪರಿಶೀಲನೆ ಮನೆಗಿಂತ ಮೊದಲು ಅಲ್ಲಿ ನಡೆಯಲಿ.

ನಮ್ಮಿಂದಾಗುವ ಮುನ್ನೆಚ್ಚರಿಕೆ ವಹಿಸಿ, ಆಮೇಲೆ ಅಲ್ಲಾಹನಲ್ಲಿ ಭರವಸೆ ಇಡುವುದೇ ತವಕ್ಕುಲ್. ಅಲ್ಲಾಹನು ನಮ್ಮೆಲ್ಲರ ಮನೆಗಳನ್ನು ಅಪಾಯಗಳಿಂದ ಕಾಪಾಡಲಿ, ಆಮೀನ್.